ಫೋಲಿಕ್ 5 ಮಿ.ಗ್ರಾಂ, ಫಿಟ್ಸ್ ಮಾತ್ರೆ, ಗರ್ಭ ನಿಲ್ಲೋ ಇಂಜೆಕ್ಷನ್, ಎಕ್ಸ್‌ರೇ: ಮಗುವಿಗೆ ಕ್ಯಾನ್ಸರ್ ಅನ್ನೋ ಮೆಸೇಜಲ್ಲಿ ನಿಜ ಎಷ್ಟು?

ತಾಲ್ಲೂಕು ತರಬೇತಿ (ಪ್ರಶ್ನೆ)

ಗರ್ಭಿಣಿಯರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜು ಓಡಾಡುತ್ತಿದೆ. ಫೋಲಿಕ್ ಮಾತ್ರೆ, ಫಿಟ್ಸ್ ಮಾತ್ರೆ, ಗರ್ಭ ನಿಲ್ಲಲು ಹಾಕುವ ಇಂಜೆಕ್ಷನ್, ಎಕ್ಸ್‌ರೇ, ಈ ನಾಲ್ಕರಿಂದಲೂ ಹುಟ್ಟುವ ಮಗುವಿಗೆ ಬ್ಲಡ್ ಕ್ಯಾನ್ಸರ್ ಬರುತ್ತದಂತೆ, ‘ವಿದೇಶದಲ್ಲಿ ಸಾಬೀತಾಗಿದೆ’ಯಂತೆ. ಇದನ್ನು ಓದಿ ಫೋಲಿಕ್ ಸೇರಿರುವ ಕಬ್ಬಿಣದ ಮಾತ್ರೆಯನ್ನೇ ಬಿಟ್ಟವರಿದ್ದಾರೆ. ಫಿಟ್ಸ್ ಮಾತ್ರೆ ಬಿಡಲಾ ಎಂದು ಆಶಾಗಳನ್ನು ಕೇಳುವವರೂ ಇದ್ದಾರೆ. ಮುಂದಿನ ಆಶಾ ಸಭೆಯಲ್ಲಿ ಉತ್ತರ ಕೊಡಬೇಕು. ‘ಎಲ್ಲಾ ಸುಳ್ಳು’ ಅಂದುಬಿಟ್ಟರೆ ಯಾರೂ ನಂಬುವುದಿಲ್ಲ, ಮೆಸೇಜಿನ ಕೆಳಗೆ ನಿಜವಾದ ಅಧ್ಯಯನದ ಹೆಸರೇ ಇದೆ. ಯಾವುದರಲ್ಲಿ ಹುರುಳಿದೆ, ಯಾವುದರಲ್ಲಿ ಇಲ್ಲ, ಡೋಸ್ ಎಷ್ಟು, ಯಾವ ತಿಂಗಳು, ಇಷ್ಟು ಬಿಡಿಸಿ ಹೇಳುವವರು ಬೇಕು.

ಅಂಕಿಸಂಖ್ಯೆ

ಫೋಲಿಕ್ ಆಸಿಡ್‌ನಿಂದ ಶುರು ಮಾಡುತ್ತೇನೆ, ಮೆಸೇಜು ಹುಟ್ಟಿದ್ದೇ ಅಲ್ಲಿಂದ. ಅಧ್ಯಯನ ನಿಜವಾದದ್ದೇ. ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರೂ ದೇಶಗಳ ಜನನ ನೋಂದಣಿ, ಔಷಧ ನೋಂದಣಿ, ಕ್ಯಾನ್ಸರ್ ನೋಂದಣಿಗಳನ್ನು ಒಂದಕ್ಕೊಂದು ಜೋಡಿಸಿ ಮಾಡಿದ್ದು, 2022ರಲ್ಲಿ ಪ್ರಕಟವಾಯಿತು. ಒಟ್ಟು 33 ಲಕ್ಷಕ್ಕೂ ಹೆಚ್ಚು ಮಕ್ಕಳು. ಅದರಲ್ಲಿ ಮೂರ್ಛೆ ರೋಗ (ಫಿಟ್ಸ್) ಇರುವ ತಾಯಂದಿರ ಮಕ್ಕಳು 27,784. ಅವರೊಳಗೆ 5,934 ಮಕ್ಕಳ ತಾಯಂದಿರು ಗರ್ಭಿಣಿಯಾಗಿದ್ದಾಗ ಹೆಚ್ಚಿನ ಡೋಸಿನ ಫೋಲಿಕ್ ತೆಗೆದುಕೊಂಡಿದ್ದರು, ಸರಾಸರಿ ದಿನಕ್ಕೆ 4.3 ಮಿ.ಗ್ರಾಂ. ಆ ಗುಂಪಿನಲ್ಲಿ 18 ಮಕ್ಕಳಿಗೆ ಕ್ಯಾನ್ಸರ್ ಬಂತು. ಹೆಚ್ಚಿನ ಡೋಸ್ ತೆಗೆದುಕೊಳ್ಳದವರ ಗುಂಪಿನಲ್ಲಿ 29 ಮಕ್ಕಳಿಗೆ.

29ಕ್ಕಿಂತ 18 ಚಿಕ್ಕದು ತಾನೇ ಅನ್ನಬೇಡಿ, ಎರಡನೇ ಗುಂಪು ಸುಮಾರು ನಾಲ್ಕು ಪಟ್ಟು ದೊಡ್ಡದು. ಭಾಗಿಸಿದರೆ ಮೊದಲನೆಯದರಲ್ಲಿ ಸಾವಿರಕ್ಕೆ ಮೂರು ಮಕ್ಕಳು, ಎರಡನೆಯದರಲ್ಲಿ ಸಾವಿರಕ್ಕೆ ಒಂದೂಕಾಲಿನ ಆಸುಪಾಸು. ತಾಯಿಯ ವಯಸ್ಸು ಮುಂತಾದವನ್ನೆಲ್ಲ ಸರಿದೂಗಿಸಿದ ಮೇಲೆ ಅಪಾಯ 2.7 ಪಟ್ಟು ಬಂತು. ‘ಸುಮಾರು ಮೂರು ಪಟ್ಟು’ ಎಂದು ಮೆಸೇಜಿನಲ್ಲಿ ಇರುವುದು ಇದೇ.

ಮೆಸೇಜು ಬರೆದವರು ನುಂಗಿಕೊಂಡ ಸಾಲುಗಳು ಎರಡಿವೆ. ಮೂರ್ಛೆ ರೋಗ ಇಲ್ಲದ ತಾಯಂದಿರಲ್ಲಿ ಹೆಚ್ಚಿನ ಡೋಸ್ ತೆಗೆದುಕೊಂಡವರೂ ಸಾವಿರಾರು ಮಂದಿ ಇದ್ದರು, ಅವರ ಮಕ್ಕಳಲ್ಲಿ ಅಪಾಯ 1.1 ಪಟ್ಟು. ಅಂದರೆ ವ್ಯತ್ಯಾಸ ಇಲ್ಲವೆಂದೇ ಲೆಕ್ಕ. ಫಿಟ್ಸ್ ಮಾತ್ರೆ ತೆಗೆದುಕೊಂಡು ಹೆಚ್ಚಿನ ಡೋಸ್ ಫೋಲಿಕ್ ತೆಗೆದುಕೊಳ್ಳದ ತಾಯಂದಿರ ಮಕ್ಕಳಲ್ಲೂ ಕ್ಯಾನ್ಸರ್ ಹೆಚ್ಚಾಗಿರಲಿಲ್ಲ. ಹಾಗಾಗಿ ಮೆಸೇಜಿನ ಪಟ್ಟಿಯಿಂದ ಫಿಟ್ಸ್ ಮಾತ್ರೆಯನ್ನು ಅದೇ ಅಧ್ಯಯನ ತೆಗೆದುಹಾಕುತ್ತದೆ. ಉಳಿಯುವ ಅನುಮಾನ ಒಂದೇ: ಮೂರ್ಛೆ ರೋಗದ ತಾಯಿ ಮತ್ತು 4-5 ಮಿ.ಗ್ರಾಂ ಫೋಲಿಕ್. ಅದೂ 18 ಮಕ್ಕಳ ಮೇಲೆ ನಿಂತ ಲೆಕ್ಕ. ಇಷ್ಟು ಸಣ್ಣ ಸಂಖ್ಯೆಯಲ್ಲಿ ನಾಲ್ಕೈದು ಪ್ರಕರಣ ಆಚೀಚೆ ಆದರೂ ಪಟ್ಟು ಬದಲಾಗುತ್ತದೆ. ತಳ್ಳಿಹಾಕುವಂಥದ್ದಲ್ಲ, ಸಾಬೀತಾಯಿತು ಅನ್ನುವಂಥದ್ದೂ ಅಲ್ಲ.

ಔಷಧಿ ಕೌಂಟರ್

ಮೇಲಿನ ಲೆಕ್ಕ ನಮ್ಮ ಅಂಗಡಿಗೆ ಬಂದರೆ ಹೇಗಿರುತ್ತದೆ ನೋಡಿ. ಸರ್ಕಾರದ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್. ಅಂದರೆ ಅರ್ಧ ಮಿ.ಗ್ರಾಂ. ಮೊದಲ ಮೂರು ತಿಂಗಳಿಗೆ ಬೇಕಾದ ಫೋಲಿಕ್ ದಿನಕ್ಕೆ 400 ಮೈಕ್ರೋಗ್ರಾಂ. ಆದರೆ ಮೆಡಿಕಲ್ ಶಾಪಿನಲ್ಲಿ ‘ಫೋಲಿಕ್ ಕೊಡಿ’ ಅಂದರೆ ಕೈಗೆ ಬರುವುದು ಬಹುತೇಕ 5 ಮಿ.ಗ್ರಾಂ ಮಾತ್ರೆ, ಬೇಕಾದ್ದಕ್ಕಿಂತ ಹನ್ನೆರಡೂವರೆ ಪಟ್ಟು. ಅದನ್ನು ಮುರಿದು 400 ಮೈಕ್ರೋಗ್ರಾಂ ಮಾಡಲು ಆಗುವುದಿಲ್ಲ. ಅರ್ಧ ಮಾಡಿದರೂ 2.5 ಮಿ.ಗ್ರಾಂ.

ಇನ್ನೊಂದು ಎಡವಟ್ಟು, ಕೂಡಿಕೆಯದು. ಖಾಸಗಿ ಕಂಪನಿಗಳ ಕಬ್ಬಿಣದ ಮಾತ್ರೆಗಳಲ್ಲಿ ಫೋಲಿಕ್ 1.5 ಮಿ.ಗ್ರಾಂ ಇರುವುದು ಸಾಮಾನ್ಯ. ಅದರ ಜೊತೆ ಬೇರೆಯಾಗಿ ಫೋಲಿಕ್ 5, ಮೇಲೆ ಒಂದು ಮಲ್ಟಿವಿಟಮಿನ್. ಮೂರು ಚೀಟಿ, ಮೂರು ಬ್ರ್ಯಾಂಡು, ಒಳಗೆ ಒಂದೇ ವಸ್ತು. ಸ್ಟ್ರಿಪ್ಪಿನ ಮುಂದೆ ದಪ್ಪಕ್ಷರದಲ್ಲಿ ಬ್ರ್ಯಾಂಡ್ ಹೆಸರು ಇರುತ್ತದೆ, ಹಿಂದೆ ಬೆಳ್ಳಿ ಹಾಳೆಯ ಮೇಲೆ ಸಣ್ಣಕ್ಷರದಲ್ಲಿ ‘ಫೋಲಿಕ್ ಆಸಿಡ್ ಐ.ಪಿ.’ ಎಂದು, ಅದರ ಎದುರಿಗೆ ಅಂಕಿ. ಸ್ಟ್ರಿಪ್ಪನ್ನು ಒಂದು ತುದಿಯಿಂದ ಕತ್ತರಿಸಿ ಕೊಟ್ಟರೆ ಆ ಸಾಲೇ ಹೋಗಿರುತ್ತದೆ. ಆಶಾಗಳಿಗೆ ಕಲಿಸುವುದಾದರೆ ಇದನ್ನು ಕಲಿಸಿ: ಮನೆಯಲ್ಲಿರುವ ಎಲ್ಲಾ ಸ್ಟ್ರಿಪ್ ತಂದು ತಿರುಗಿಸಿ ಇಡಿ, ಫೋಲಿಕ್ ಎದುರಿನ ಅಂಕಿಗಳನ್ನೆಲ್ಲ ಕೂಡಿ, ತಾಯಿ ಕಾರ್ಡಿನಲ್ಲಿ ಬರೆಯಿರಿ. ಎಂಸಿಜಿ ಅಂದರೆ ಮೈಕ್ರೋಗ್ರಾಂ, ಎಂಜಿ ಅಂದರೆ ಮಿಲಿಗ್ರಾಂ, ಸಾವಿರ ಮೈಕ್ರೋಗೆ ಒಂದು ಮಿಲಿ. ತಪ್ಪಾಗುವುದು ಇಲ್ಲೇ.

ಹೆರಿಗೆ ವಾರ್ಡ್

ಕೌಂಟರ್ ಸರ್ ಹೇಳಿದ್ದು ಸರಿ. ಆದರೆ 5 ಮಿ.ಗ್ರಾಂ ಮಾತ್ರೆಯೇ ತಪ್ಪು ಎಂದು ಯಾರೂ ತಿಳಿಯಬಾರದು. ಹಿಂದಿನ ಮಗುವಿಗೆ ಬೆನ್ನುಹುರಿ ಅಥವಾ ತಲೆಬುರುಡೆ ಮುಚ್ಚದ ದೋಷ ಇದ್ದ ತಾಯಿಗೆ ಹೆಚ್ಚಿನ ಡೋಸ್ ಬೇಕೇ ಬೇಕು. 1991ರ ಬ್ರಿಟನ್ನಿನ ಪ್ರಯೋಗದಲ್ಲಿ ದಿನಕ್ಕೆ 4 ಮಿ.ಗ್ರಾಂ ಕೊಟ್ಟಾಗ ಆ ದೋಷ ಮರುಕಳಿಸುವುದು ಶೇ. 72ರಷ್ಟು ತಗ್ಗಿತು. ಅಷ್ಟು ಖಚಿತವಾದ ಲಾಭವನ್ನು 18 ಪ್ರಕರಣದ ಅನುಮಾನಕ್ಕೆ ಬಿಟ್ಟುಕೊಡಲಾಗದು.

ಎಷ್ಟು ದಿನ ಎಂಬುದು ಮುಖ್ಯ. ಮಗುವಿನ ನರಕೊಳವೆ (ಮುಂದೆ ಮಿದುಳು, ಬೆನ್ನುಹುರಿ ಆಗುವ ಭಾಗ) ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚುತ್ತದೆ. ಮುಟ್ಟಿನ ಲೆಕ್ಕದಲ್ಲಿ ಆರು ವಾರ. ಬಹಳ ಮಂದಿಗೆ ಗರ್ಭ ನಿಂತಿದ್ದು ಗೊತ್ತಾಗುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಅದಕ್ಕೇ ಗರ್ಭ ಧರಿಸುವ ಒಂದು ತಿಂಗಳ ಮುಂಚೆಯಿಂದ ಎನ್ನುವುದು. ಹನ್ನೆರಡು ವಾರ ಆದ ಮೇಲೆ 5 ಮಿ.ಗ್ರಾಂ ಮುಂದುವರಿಸಲು ನರಕೊಳವೆಯ ಕಾರಣ ಉಳಿಯುವುದಿಲ್ಲ. ಚೀಟಿಯಲ್ಲಿ ‘ನಿಲ್ಲಿಸಿ’ ಎಂದು ಬರೆಯದ ಕಾರಣಕ್ಕೆ ಒಂಬತ್ತು ತಿಂಗಳೂ ನುಂಗುತ್ತಾರೆ. ತಪ್ಪಬೇಕಾದದ್ದು ಈ ಅಭ್ಯಾಸ.

ಫಿಟ್ಸ್ ಮಾತ್ರೆ ತಾನಾಗಿ ಬಿಡಬಾರದು. ಇದನ್ನು ಸಭೆಯಲ್ಲಿ ಎರಡು ಸಲ ಹೇಳಿ. ಬಿಟ್ಟ ಮಾತ್ರೆಯಿಂದ ಬರುವ ಫಿಟ್ಸ್ ಒಂದೇ ಸಮನೆ ಮುಂದುವರಿದರೆ ತಾಯಿಗೂ ಮಗುವಿಗೂ ಆಮ್ಲಜನಕ ಸಾಲದೆ ಜೀವಕ್ಕೇ ಅಪಾಯ. ನಿಜವಾಗಿ ಚಿಂತೆ ಮಾಡಬೇಕಾದ ಮಾತ್ರೆ ವಾಲ್ಪ್ರೋಯೇಟ್, ಅದೂ ಕ್ಯಾನ್ಸರ್ ಕಾರಣಕ್ಕಲ್ಲ. ಅದನ್ನು ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತರಲ್ಲಿ ಹುಟ್ಟು ದೋಷ, ನೂರಕ್ಕೆ ಮೂವತ್ತರಿಂದ ನಲವತ್ತರಲ್ಲಿ ಬೆಳವಣಿಗೆ ಮತ್ತು ಕಲಿಕೆಯ ತೊಂದರೆ. ಮದುವೆಯ ವಯಸ್ಸಿನ ಹುಡುಗಿ ಈ ಮಾತ್ರೆಯಲ್ಲಿದ್ದರೆ ಗರ್ಭಕ್ಕೆ ಮುಂಚೆಯೇ ನರರೋಗ ತಜ್ಞರ ಹತ್ತಿರ ಕಳಿಸಿ, ಲೆವೆಟಿರಾಸಿಟಮ್ ಅಥವಾ ಲ್ಯಾಮೋಟ್ರಿಜಿನ್‌ಗೆ ಬದಲಿಸಲು ಆಗುತ್ತದೆಯೇ ನೋಡುತ್ತಾರೆ. ಗರ್ಭಿಣಿಯ ರಕ್ತದಲ್ಲಿ ಲ್ಯಾಮೋಟ್ರಿಜಿನ್ ಮಟ್ಟ ಬೇಗ ಇಳಿಯುತ್ತದೆ, ಡೋಸ್ ಏರಿಸಬೇಕಾಗುತ್ತದೆ. ಹೆರಿಗೆಯಾದ ಕೂಡಲೇ ಇಳಿಸಬೇಕು, ಇಲ್ಲದಿದ್ದರೆ ಬಾಣಂತಿಗೆ ತಲೆಸುತ್ತು, ಕಣ್ಣು ಎರಡೆರಡಾಗಿ ಕಾಣುವುದು. ಇದು ತಪ್ಪುವುದೇ ಹೆಚ್ಚು, ಯಾಕೆಂದರೆ ಹೆರಿಗೆ ನೋಡುವವರು ಒಬ್ಬರು, ಫಿಟ್ಸ್ ನೋಡುವವರು ಇನ್ನೊಬ್ಬರು.

ತಾಲ್ಲೂಕು ತರಬೇತಿ

ಒಂದು ಅನುಮಾನ. ರಕ್ತ ಕಡಿಮೆ ಇದ್ದವರಿಗೆ ನಾವು ಕೆಂಪು ಮಾತ್ರೆ ದಿನಕ್ಕೆ ಎರಡು ಕೊಡುತ್ತೇವೆ. ಅಲ್ಲಿಗೆ ಫೋಲಿಕ್ 1 ಮಿ.ಗ್ರಾಂ ಆಯಿತು. ಆ ಅಧ್ಯಯನದಲ್ಲಿ ‘ಹೆಚ್ಚಿನ ಡೋಸ್’ ಅಂದರೆ 1 ಮಿ.ಗ್ರಾಂ ಮತ್ತು ಮೇಲೆ ಎಂದು ಓದಿದ ನೆನಪು. ಯಾರಾದರೂ ಕೇಳಿದರೆ?

ಅಂಕಿಸಂಖ್ಯೆ

ಒಳ್ಳೆಯ ಪ್ರಶ್ನೆ ಮೇಡಂ. ಗೆರೆ ಎಳೆದದ್ದು 1 ಮಿ.ಗ್ರಾಂನಲ್ಲಿ, ಆದರೆ ಗೆರೆಯ ಮೇಲಿದ್ದವರ ಸರಾಸರಿ 4.3. ಅಂದರೆ ಆ ಫಲಿತಾಂಶ 4-5 ಮಿ.ಗ್ರಾಂ ನುಂಗಿದವರದ್ದು. 1 ಮಿ.ಗ್ರಾಂಗೆ ಅದನ್ನು ಅನ್ವಯಿಸಲು ಬರುವುದಿಲ್ಲ. ಮೂರ್ಛೆ ರೋಗ ಇಲ್ಲದವರಲ್ಲಂತೂ ವ್ಯತ್ಯಾಸವೇ ಕಾಣಲಿಲ್ಲ. ಇನ್ನೊಂದು ಕಡೆ ಹಿಮೋಗ್ಲೋಬಿನ್ 7ರಿಂದ 10.9ರ ನಡುವೆ ಇರುವ ಗರ್ಭಿಣಿ ಎರಡನೇ ಮಾತ್ರೆ ಬಿಟ್ಟರೆ ಹೆರಿಗೆಯ ರಕ್ತಸ್ರಾವ ತಡೆದುಕೊಳ್ಳುವ ಶಕ್ತಿ ಕುಗ್ಗುತ್ತದೆ. ಆ ಅಪಾಯ ಊಹೆಯಲ್ಲ.

ಹೆರಿಗೆ ವಾರ್ಡ್

ಜೊತೆಗೆ ಸೇರಿಸಿ: ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆಯಾದರೂ ಇರಲಿ. ಊಟವಾದ ತಕ್ಷಣ ಕಾಫಿ, ಟೀ ಬೇಡ. ಮಾತ್ರೆ ನುಂಗಿಯೂ ಹಿಮೋಗ್ಲೋಬಿನ್ ಏರುತ್ತಿಲ್ಲ ಅನ್ನುವವರಲ್ಲಿ ಅರ್ಧ ಮಂದಿಯ ಕಥೆ ಇದೇ ಇರಬಹುದು. ಇನ್ನರ್ಧ, ಮಾತ್ರೆ ಡಬ್ಬಿಯಲ್ಲೇ ಇರುತ್ತದೆ.

ಈಗ ಇಂಜೆಕ್ಷನ್ ವಿಷಯ. ಮೆಸೇಜಿನ ನಾಲ್ಕರಲ್ಲಿ ನಾನು ಗಂಭೀರವಾಗಿ ತೆಗೆದುಕೊಳ್ಳುವುದು ಇದೊಂದನ್ನೇ. ‘ಗರ್ಭ ನಿಲ್ಲೋಕೆ’ ಎಂದು ಸೊಂಟಕ್ಕೆ ಹಾಕುವ ಎಣ್ಣೆ ಇಂಜೆಕ್ಷನ್‌ಗಳಲ್ಲಿ ಒಂದು ಹೈಡ್ರಾಕ್ಸಿಪ್ರೊಜೆಸ್ಟರಾನ್ ಕಾಪ್ರೊಯೇಟ್, 250 ಅಥವಾ 500 ಮಿ.ಗ್ರಾಂ, ವಾರಕ್ಕೊಮ್ಮೆ. ಅಮೆರಿಕದಲ್ಲಿ ಮಕೆನಾ ಎಂಬ ಹೆಸರಿನಲ್ಲಿ ಅವಧಿಪೂರ್ವ ಹೆರಿಗೆ ತಡೆಯಲೆಂದು 2011ರಲ್ಲಿ ಅನುಮತಿ ಸಿಕ್ಕಿತ್ತು. 1,700 ಮಹಿಳೆಯರ ಮೇಲಿನ ದೊಡ್ಡ ಪ್ರಯೋಗದಲ್ಲಿ ಉಪಯೋಗವೇ ಕಾಣದೆ, 2023ರ ಏಪ್ರಿಲ್‌ನಲ್ಲಿ ಅನುಮತಿ ವಾಪಸಾಯಿತು. ಕ್ಯಾಲಿಫೋರ್ನಿಯಾದಲ್ಲಿ 1960ರ ಆಸುಪಾಸಿನಲ್ಲಿ ಹುಟ್ಟಿದವರನ್ನು ದಶಕಗಳ ಕಾಲ ಗಮನಿಸಿದ ಇನ್ನೊಂದು ಅಧ್ಯಯನ 2021ರಲ್ಲಿ ಬಂತು. 18,751 ಜನನ, ಅದರಲ್ಲಿ ಈ ಔಷಧಿ ಗರ್ಭದಲ್ಲಿ ತಾಗಿದವರು 234 ಮಂದಿ. ಅವರಲ್ಲಿ ಕ್ಯಾನ್ಸರ್ ಸುಮಾರು ಎರಡು ಪಟ್ಟು, ಮೊದಲ ಮೂರು ತಿಂಗಳಲ್ಲಿ ಕೊಟ್ಟಿದ್ದರೆ ಎರಡೂವರೆ ಪಟ್ಟು. ಆದರೆ ಅದು ಬಹುಮಟ್ಟಿಗೆ ದೊಡ್ಡವರಾದ ಮೇಲೆ ಬಂದ ಕ್ಯಾನ್ಸರ್, ಮಕ್ಕಳ ಬ್ಲಡ್ ಕ್ಯಾನ್ಸರ್ ಅಲ್ಲ. 2024ರಲ್ಲಿ ಯುರೋಪಿನ ಔಷಧ ಸಂಸ್ಥೆಯೂ ಇದನ್ನು ಮಾರುಕಟ್ಟೆಯಿಂದ ತಡೆಹಿಡಿಯಲು ಹೇಳಿತು.

ಇಲ್ಲಿ ತೂಗಿ ನೋಡುವುದು ಸುಲಭ. ಲಾಭ ಇಲ್ಲ, ಅಪಾಯದ ಅನುಮಾನ ಇದೆ, ಹಾಗಾದರೆ ಯಾಕೆ ಹಾಕಬೇಕು? ಆದರೆ ಎಲ್ಲಾ ಪ್ರೊಜೆಸ್ಟರಾನ್ (ಗರ್ಭ ಉಳಿಸುವ ಹಾರ್ಮೋನು) ಒಂದೇ ಅಲ್ಲ. ಗರ್ಭಕಂಠ 25 ಮಿ.ಮೀ.ಗಿಂತ ಗಿಡ್ಡವಾಗಿದ್ದರೆ ರಾತ್ರಿ 200 ಮಿ.ಗ್ರಾಂ ಯೋನಿಯಲ್ಲಿಡುವ ಮೈಕ್ರೋನೈಸ್ಡ್ ಪ್ರೊಜೆಸ್ಟರಾನ್ ಅವಧಿಪೂರ್ವ ಹೆರಿಗೆ ತಗ್ಗಿಸುತ್ತದೆ. ಮೊದಲೇ ಗರ್ಭ ಜಾರಿದ್ದು, ಈಗ ಮತ್ತೆ ರಕ್ತ ಕಾಣಿಸಿಕೊಂಡವರಿಗೂ ಅದರಿಂದ ಸ್ವಲ್ಪ ಲಾಭ ಕಂಡಿದೆ. ಅದು ನಮ್ಮ ದೇಹದ್ದೇ ಹಾರ್ಮೋನು, ಕಾಪ್ರೊಯೇಟ್‌ನಂತೆ ರಚನೆ ಬದಲಿಸಿದ್ದಲ್ಲ. ಗರ್ಭಿಣಿ ಕೇಳಬೇಕಾದ ಪ್ರಶ್ನೆ ‘ಇಂಜೆಕ್ಷನ್ ಬೇಕಾ ಬೇಡ್ವಾ’ ಅಲ್ಲ, ‘ಡಾಕ್ಟ್ರೇ, ಇದು ಕಾಪ್ರೊಯೇಟ್ ಇಂಜೆಕ್ಷನ್ನಾ? ನನಗೆ ಯಾವ ಕಾರಣಕ್ಕೆ?’ ಎಂದು. ಈಗಾಗಲೇ ಒಂದೆರಡು ಹಾಕಿಸಿಕೊಂಡವರು ಹೆದರಿ ಗರ್ಭ ತೆಗೆಸುವ ಮಾತು ಆಡಬಾರದು, ಅಷ್ಟು ದೊಡ್ಡ ಅಪಾಯ ಯಾವ ಅಧ್ಯಯನದಲ್ಲೂ ಇಲ್ಲ.

ಮಕ್ಕಳ ಕ್ಯಾನ್ಸರ್ ವಿಭಾಗ

ಗರ್ಭದಲ್ಲಿ ಕೊಟ್ಟ ಔಷಧಿಯಿಂದ ಮಕ್ಕಳಿಗೆ ಕ್ಯಾನ್ಸರ್ ಎಂಬುದು ಅನುಮಾನಕ್ಕೆ ಎಡೆಯಿಲ್ಲದೆ ತೀರ್ಮಾನವಾದದ್ದು ಡಿಇಎಸ್ ವಿಷಯದಲ್ಲಿ. 1938ರಲ್ಲಿ ತಯಾರಾದ ಕೃತಕ ಈಸ್ಟ್ರೋಜನ್ (ಹೆಣ್ಣು ಹಾರ್ಮೋನು) ಅದು. ಗರ್ಭಪಾತ ತಡೆಯುತ್ತದೆ ಎಂದು ಕೊಡುತ್ತಿದ್ದರು. ತಡೆಯುವುದಿಲ್ಲ ಎಂದು 1953ರಲ್ಲೇ ಷಿಕಾಗೋ ಪ್ರಯೋಗ ಹೇಳಿತು, ಆದರೂ ಅಮೆರಿಕದಲ್ಲಿ ಇನ್ನೂ ಹದಿನೆಂಟು ವರ್ಷ ನಡೆಯಿತು. 1971ರಲ್ಲಿ ಬಾಸ್ಟನ್ನಿನ ಹರ್ಬ್ಸ್ಟ್ ಮತ್ತು ಸಂಗಡಿಗರು ಯೋನಿಯ ಅಪರೂಪದ ಕ್ಯಾನ್ಸರ್ ಬಂದ ಎಂಟು ಎಳೆಯ ಹೆಣ್ಣುಮಕ್ಕಳ ತಾಯಂದಿರನ್ನು ವಿಚಾರಿಸಿದರು. ಏಳು ಮಂದಿ ಡಿಇಎಸ್ ತೆಗೆದುಕೊಂಡಿದ್ದರು. ಹೋಲಿಕೆಗೆ ಇಟ್ಟ 32 ತಾಯಂದಿರಲ್ಲಿ ಒಬ್ಬರೂ ತೆಗೆದುಕೊಂಡಿರಲಿಲ್ಲ. ಅಂಥ ಸ್ಪಷ್ಟತೆ ಇದ್ದರೂ, ಔಷಧಿ ತಾಗಿದ ಹೆಣ್ಣುಮಕ್ಕಳಲ್ಲಿ ಈ ಕ್ಯಾನ್ಸರ್ ಬಂದದ್ದು ಸಾವಿರಕ್ಕೆ ಒಬ್ಬರಿಗೆ.

ಬ್ಲಡ್ ಕ್ಯಾನ್ಸರ್ ವಿಷಯದಲ್ಲಿ ತಾಯಂದಿರು ತಮ್ಮನ್ನೇ ದೂರಿಕೊಳ್ಳುವುದು ಹೆಚ್ಚು. ಮಕ್ಕಳಲ್ಲಿ ಹೆಚ್ಚು ಕಾಣುವ ಲ್ಯುಕೇಮಿಯಾದ ಮೊದಲ ಜೀನ್ ಏರುಪೇರು ಬಹಳ ಸಲ ಗರ್ಭದಲ್ಲೇ ಆಗಿರುತ್ತದೆ, ಇದು ನಿಜ. ಹುಟ್ಟಿದಾಗ ಹಿಮ್ಮಡಿಯಿಂದ ಕಾಗದದ ಮೇಲೆ ತೆಗೆದಿಟ್ಟಿದ್ದ ಒಣ ರಕ್ತದ ಚುಕ್ಕೆಯಲ್ಲೇ, ಮುಂದೆ ಕಾಯಿಲೆ ಬಂದ ಮಕ್ಕಳ ಆ ಗುರುತು ಸಿಕ್ಕಿದೆ. ಆದರೆ ಅಂಥ ಗುರುತು ನೂರು ಹಸುಗೂಸುಗಳಲ್ಲಿ ಸುಮಾರು ಒಂದರಲ್ಲಿ ಇರುತ್ತದೆ, ಅವುಗಳಲ್ಲೂ ನೂರಕ್ಕೆ ತೊಂಬತ್ತೊಂಬತ್ತಕ್ಕೆ ಕಾಯಿಲೆ ಬರುವುದೇ ಇಲ್ಲ. ಜೀವಕೋಶ ಒಡೆಯುವಾಗ ಆಗುವ ತಪ್ಪು ಅದು, ನುಂಗಿದ ಮಾತ್ರೆಯ ಗುರುತಲ್ಲ.

ಇನ್ನೊಂದು ತೊಡಕು ನಮ್ಮ ವಾರ್ಡುಗಳಲ್ಲೇ ಹುಟ್ಟುತ್ತದೆ. ಮಗುವಿಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ‘ಗರ್ಭಿಣಿಯಾಗಿದ್ದಾಗ ಏನೇನು ತಗೊಂಡ್ರಿ’ ಎಂದು ಕೇಳಿದರೆ ತಾಯಿ ತಲೆನೋವಿನ ಒಂದು ಮಾತ್ರೆಯನ್ನೂ ನೆನಪಿಸಿಕೊಳ್ಳುತ್ತಾಳೆ. ಆರೋಗ್ಯವಂತ ಮಗುವಿನ ತಾಯಿ ‘ಏನಿಲ್ಲ’ ಅನ್ನುತ್ತಾಳೆ. ಇಬ್ಬರೂ ನುಂಗಿದ್ದು ಅಷ್ಟೇ ಇರಬಹುದು, ಲೆಕ್ಕದಲ್ಲಿ ಮಾತ್ರ ಮಾತ್ರೆಯೇ ಅಪರಾಧಿ. ಹಳೆಯ ಬಹಳ ಅಧ್ಯಯನಗಳು ಹೀಗೆ ಕೇಳಿ ಮಾಡಿದವು. ಔಷಧ ನೋಂದಣಿಯಿಂದ ತೆಗೆದ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಲೆಕ್ಕಗಳಿಗೆ ಹೆಚ್ಚು ತೂಕ ಕೊಡುವುದು ಇದಕ್ಕೇ.

ಎಕ್ಸ್‌ರೇ ಬಗ್ಗೆ ಚುಟುಕಾಗಿ. ಆಲಿಸ್ ಸ್ಟೂವರ್ಟ್ 1956ರಲ್ಲಿ ಆಕ್ಸ್‌ಫರ್ಡಿನಿಂದ ಮೊದಲು ಎಚ್ಚರಿಸಿದ್ದು ಗರ್ಭಿಣಿಯ ಹೊಟ್ಟೆಗೇ ನೇರವಾಗಿ ತೆಗೆದ ಎಕ್ಸ್‌ರೇಗಳ ಬಗ್ಗೆ. ಮಗುವಿಗೆ ಸುಮಾರು 10 ಮಿಲಿಗ್ರೇ (ವಿಕಿರಣದ ಅಳತೆ) ತಾಗುತ್ತಿದ್ದ ಕಾಲ, ಅಪಾಯ ಶೇ. 40ರಷ್ಟು ಏರಿತ್ತು. ಲೆಕ್ಕ ಬಿಡಿಸಿದರೆ 10 ಮಿಲಿಗ್ರೇಗೆ ಸುಮಾರು 1,700 ಮಕ್ಕಳಲ್ಲಿ ಒಂದು ಹೆಚ್ಚುವರಿ ಪ್ರಕರಣ. ಇಂದಿನ ಎದೆ ಎಕ್ಸ್‌ರೇಯಲ್ಲಿ ಮಗುವಿಗೆ ತಾಗುವುದು 0.01 ಮಿಲಿಗ್ರೇಗಿಂತ ಕಡಿಮೆ, ಅಂದರೆ ಅದರ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಕ್ಷಯದ ಅನುಮಾನ ಇರುವ ಗರ್ಭಿಣಿಗೆ ಎದೆ ಎಕ್ಸ್‌ರೇ ಬೇಡ ಅನ್ನುವುದು ತಪ್ಪು. ಹೊಟ್ಟೆಯ ಸಿಟಿ ಸ್ಕ್ಯಾನ್ ಬೇರೆ ವಿಷಯ, ಅದಕ್ಕೆ ಬಲವಾದ ಕಾರಣ ಬೇಕು. ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್‌ರೇ ಕಿರಣವೇ ಇರುವುದಿಲ್ಲ.

ಮಗುವಿನ ಕ್ಯಾನ್ಸರ್ ತಡೆಯಲು ಹೆರಿಗೆ ಮನೆಯಲ್ಲೇ ಮಾಡಬಹುದಾದ ಕೆಲಸ ಒಂದಿದೆ, ಮೆಸೇಜಿನಲ್ಲಿ ಅದರ ಸುಳಿವೇ ಇಲ್ಲ. ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ ತಡೆಯುವುದು. ಅದು ತಾಯಿಯಿಂದ ಹುಟ್ಟುವಾಗ ಮಗುವಿಗೆ ದಾಟಿದರೆ ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಜೀವಮಾನ ಉಳಿಯುತ್ತದೆ, ಮುಂದೆ ಅವರಲ್ಲಿ ಕೆಲವರಿಗೆ ಯಕೃತ್ತಿನ ಕ್ಯಾನ್ಸರ್. ತೈವಾನ್ 1984ರಲ್ಲಿ ಹಸುಗೂಸುಗಳಿಗೆ ಲಸಿಕೆ ಶುರು ಮಾಡಿದ ಮೇಲೆ 6ರಿಂದ 14 ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಲಕ್ಷಕ್ಕೆ 0.70ರಿಂದ 0.36ಕ್ಕೆ ಇಳಿಯಿತು.

ತಾಲ್ಲೂಕು ತರಬೇತಿ

ಹುಟ್ಟಿದ 24 ಗಂಟೆಯೊಳಗಿನ ಡೋಸ್ ನಮ್ಮಲ್ಲಿ ಬರೆದಿಡುತ್ತಾರೆ, ಆದರೆ ಭಾನುವಾರ ಹುಟ್ಟಿದ ಮಕ್ಕಳಿಗೆ ತಪ್ಪುತ್ತಿದೆ. ಕೇಳಿದರೆ ‘ಒಂದು ಮಗುವಿಗೆ ಹತ್ತು ಡೋಸಿನ ಸೀಸೆ ಒಡೆಯಬೇಕಾ’ ಅನ್ನುತ್ತಾರೆ. ತಾಯಿಗೆ ಪಾಸಿಟಿವ್ ಇದ್ದರೆ ಬೇರೆ ಏನು ಮಾಡಬೇಕು?

ಮಕ್ಕಳ ಕ್ಯಾನ್ಸರ್ ವಿಭಾಗ

ಒಡೆಯಬೇಕು ಮೇಡಂ. ಹೆಪಟೈಟಿಸ್ ಬಿ ಲಸಿಕೆಗೆ ತೆರೆದ ಸೀಸೆಯ ನಿಯಮ ಅನ್ವಯಿಸುತ್ತದೆ. ಶೀತಪೆಟ್ಟಿಗೆಯಲ್ಲಿ ಸರಿಯಾಗಿಟ್ಟು, ತೆರೆದ ದಿನಾಂಕ ಮತ್ತು ಗಂಟೆ ಸೀಸೆಯ ಮೇಲೆ ಬರೆದು, ಸೀಸೆಯ ಮೇಲಿನ ಶಾಖದ ಗುರುತು ಬಳಸಬಹುದಾದ ಹಂತದಲ್ಲೇ ಇದ್ದು, ಅವಧಿ ಮೀರಿರದಿದ್ದರೆ 28 ದಿನ ಬಳಸಬಹುದು. ಈ ಲಸಿಕೆ ಬಿಸಿಗಿಂತ ಹೆಪ್ಪುಗಟ್ಟಿದರೆ ಬೇಗ ಕೆಡುತ್ತದೆ. ಐಸ್ ಪ್ಯಾಕಿಗೆ ತಾಗಿಸಿ ಇಡಬೇಡಿ. ಅನುಮಾನ ಬಂದರೆ ಅದೇ ಬ್ಯಾಚಿನ ಒಂದು ಸೀಸೆಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿ, ಅನುಮಾನದ ಸೀಸೆಯ ಜೊತೆ ಅಲುಗಾಡಿಸಿ ಪಕ್ಕದಲ್ಲಿ ನಿಲ್ಲಿಸಿ. ಅನುಮಾನದ್ದೂ ಅಷ್ಟೇ ಬೇಗ ತಳದಲ್ಲಿ ಗಸಿ ಕೂತರೆ ಎಸೆಯಿರಿ.

ಡೋಸ್ 0.5 ಮಿ.ಲೀ., ತೊಡೆಯ ಮುಂಭಾಗದ ಹೊರಬದಿಯ ಸ್ನಾಯುವಿಗೆ. ತಾಯಿ ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಇದೆಯೇ ಎಂದು ನೋಡುವ ರಕ್ತ ಪರೀಕ್ಷೆ) ಪಾಸಿಟಿವ್ ಇದ್ದರೆ ಜೊತೆಗೆ ಹೆಪಟೈಟಿಸ್ ಬಿ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್), ಇನ್ನೊಂದು ತೊಡೆಗೆ, 12 ಗಂಟೆಯೊಳಗೆ. ಅದು ಎಲ್ಲಾ ಕಡೆ ಇರುವುದಿಲ್ಲ, ಹಾಗಾಗಿ ತಾಯಿಯ ವರದಿ ಏಳನೇ ತಿಂಗಳಿಗೇ ಕೈಯಲ್ಲಿರಬೇಕು, ಹೆರಿಗೆ ಎಲ್ಲಿ ಎಂದು ಆಗಲೇ ತೀರ್ಮಾನಿಸಬೇಕು. ತಾಯಿಯ ರಕ್ತದಲ್ಲಿ ವೈರಸ್ ಪ್ರಮಾಣ ಮಿ.ಲೀ.ಗೆ 2 ಲಕ್ಷ ಯೂನಿಟ್‌ಗಿಂತ ಹೆಚ್ಚಿದ್ದರೆ 28ನೇ ವಾರದಿಂದ ತಾಯಿಗೆ ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ, 300 ಮಿ.ಗ್ರಾಂ ದಿನಕ್ಕೊಂದು. ಗರ್ಭದಲ್ಲಿ ಮಾತ್ರೆ ಬೇಡ ಎಂದು ಇದನ್ನೂ ಬಿಡುವವರಿದ್ದಾರೆ. ಮುಂದೆ 6, 10, 14 ವಾರಕ್ಕೆ ಪೆಂಟಾವೇಲೆಂಟ್ ಲಸಿಕೆಯಲ್ಲೇ ಉಳಿದ ಮೂರು ಡೋಸ್ ಸೇರಿರುತ್ತದೆ. ಪಾಸಿಟಿವ್ ತಾಯಿಯ ಮಗುವಿಗೆ 9 ತಿಂಗಳು ತುಂಬಿದ ಮೇಲೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ, ಅದಕ್ಕೆ ಮುಂಚೆ ಮಾಡಿಸಿದರೆ ಇಮ್ಯುನೋಗ್ಲೋಬ್ಯುಲಿನ್‌ನಿಂದ ಬಂದ ಪ್ರತಿಕಾಯವೇ ಕಂಡು ಲಸಿಕೆ ಹಿಡಿದಿದೆ ಎಂದು ಮೋಸ ಹೋಗುತ್ತೇವೆ.

ಎದೆಹಾಲು ನಿಲ್ಲಿಸುವ ಅಗತ್ಯ ಇಲ್ಲ. ಅದನ್ನೂ ಸಭೆಯಲ್ಲಿ ಹೇಳಿ, ಕೇಳುತ್ತಾರೆ.